ಬೀಗಿತ್ತಿಯ ಭಾಷೆ

ಮಾರ್ಚ್ 4

ಕಡ್ಡೀ,

ಭಾನುವಾರ ಫೋನಿನಲ್ಲಿ ನೀನು ಒಂದು ಮಾತು ಶುರು ಮಾಡಿ ಅರ್ಧಕ್ಕೇ ನುಂಗಿಬಿಟ್ಟೆ. ಹೆರಿಗೆ ಕೋಣೆಯೊಳಗೆ ನಿನ್ನ ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ಆ ಒಬ್ಬರಿಗೆ ಸ್ಪ್ಯಾನಿಷ್ ಬರಬೇಕು, ನರ್ಸು ಹೇಳಿದ್ದು ತಿಳಿಯಬೇಕು ಎಂದೆ. "ಹಾಗಾದ್ರೆ ನನ್ನ ಗತಿ?" ಎಂದು ನಾನು ಕೇಳುವಷ್ಟರಲ್ಲಿ ನಿನ್ನ ಅತ್ತೆ ಭುಜದ ಮೇಲಿಂದ ತಲೆ ತೂರಿಸಿ, ಏನಂತೆ ಏನಂತೆ ಎಂದು ತಮ್ಮ ಭಾಷೆಯಲ್ಲಿ ಶುರು ಹಚ್ಚಿಕೊಂಡರು. ನೀನು ನಗುತ್ತಾ ಅವರ ಕಡೆ ತಿರುಗಿದೆ. ನನ್ನ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಮದುವೆಯಾಗಿ ಮೂರು ವರ್ಷವಾಯಿತು, ಬೀಗಿತ್ತಿಯರು ನಾವಿಬ್ಬರೂ ಮುಖಾಮುಖಿ ಆಗಿಲ್ಲ. ಭಾನುವಾರದ ಫೋನಿನಲ್ಲಿ ಆಕೆ ಅತ್ತ, ನಾನು ಇತ್ತ, ನಡುವೆ ನೀನು. ನಾನು ಹೇಳಿದ್ದನ್ನು ನೀನು ಆಕೆಗೆ ಹೇಳಿ, ಆಕೆ ಹೇಳಿದ್ದನ್ನು ನನಗೆ ಹೇಳಿ ಮುಗಿಸುವಷ್ಟರಲ್ಲಿ ತಾಯಿ ಮಗಳ ಮಾತಿಗೆ ಹೊತ್ತೇ ಉಳಿಯುವುದಿಲ್ಲ. ಉಳಿದ ದಿನಗಳಲ್ಲಿ ನೀನು ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಿಂದ ಮನೆಗೆ ಬರುವಾಗ ನನಗಿಲ್ಲಿ ಗೊರಕೆಯ ಹೊತ್ತು. ಅದಕ್ಕೇ ಈ ಮೇಲ್. ನೀವು ಮೇಲ್ ಎನ್ನಿ, ನಾನು ಕಾಗದ ಎನ್ನುತ್ತೇನೆ.

ವಿಷಯಕ್ಕೆ ಬರುತ್ತೇನೆ. ಅಳಿಯ ಲಾರಿ ಹೊಡೆಯುವವನು, ಆ ದಿನ ಯಾವ ರಸ್ತೆಯಲ್ಲಿರುತ್ತಾನೋ ಯಾರು ಕಂಡರು. ಊರಲ್ಲೇ ಇದ್ದರೂ ಬೆರಳು ಕೊಯ್ದುಕೊಂಡರೆ ತಲೆ ಸುತ್ತಿ ಬೀಳುವ ಪ್ರಾಣಿ. ಹಾಗಾಗಿ ಒಳಗೆ ಹೋಗುವುದು ಒಂದೋ ನಿಮ್ಮತ್ತೆ, ಇಲ್ಲವೋ ನಾನು. ಹೆತ್ತವಳು ಹೊರಗೆ ಬೆಂಚಿನ ಮೇಲೆ ಕೂತು ಗೋಡೆ ನೋಡಬೇಕೆ? ಅದು ಆಗದ ಮಾತು. ನಾನು ಸ್ಪ್ಯಾನಿಷ್ ಕಲಿಯುತ್ತೇನೆ. ಸೆಪ್ಟೆಂಬರ್ ಮೊದಲ ವಾರಕ್ಕೆ ಇನ್ನೂ ಆರು ತಿಂಗಳಿದೆ.

ಇವತ್ತೇ ಅಂಗಡಿಗೆ ಬೀಗ ಹಾಕಿ, ಬಸ್ ನಿಲ್ದಾಣದ ಹಿಂದಿರುವ ಭಾಷೆ ಕಲಿಸುವ ಸಂಸ್ಥೆಗೆ ಹೋದೆ. ಎರಡು ಮಹಡಿ ಹತ್ತಿ ಮಂಡಿ ಹಿಡಿದುಕೊಂಡು ನಿಂತೆ. ಅಲ್ಲಿನ ಹುಡುಗಿ, "ಸ್ಪ್ಯಾನಿಷ್ ಇದೆ ಆಂಟಿ, ಹತ್ತು ಜನ ಸೇರಿದ ಮೇಲೆ ಬ್ಯಾಚ್ ಶುರು" ಎಂದಳು. ಈಗ ಎಷ್ಟು ಜನ ಆಗಿದ್ದಾರೆ ಎಂದು ಕೇಳಿದೆ. "ನಿಮ್ಮನ್ನೂ ಸೇರ್ಸಿ ಒಂದು" ಎಂದಳು. ಕೂರಿಸಿದ ಕುರ್ಚಿಯ ಸ್ಪ್ರಿಂಗು ಬೇರೆ ಚುಚ್ಚುತ್ತಿತ್ತು. ಭಾಷೆ ಕಲಿಸದಿದ್ದರೆ ಹೋಗಲಿ, ಕುರ್ಚಿ ಕಳಿಸಿ, ನನ್ನ ಕಸುಬೇ ಅದು, ಕುಶನ್ ಕಟ್ಟಿಕೊಡ್ತೀನಿ ಎಂದು ಹೇಳಿ ಇಳಿದು ಬಂದೆ.

ಹೊತ್ತು ಹೊತ್ತಿಗೆ ತಿನ್ನು.

ನಿನ್ನ ಅಮ್ಮ

*

ಮಾರ್ಚ್ 13

ಅಮ್ಮಾ,

ನಿನಗೆ ಈ ಉಸಾಬರಿ ಯಾಕೆ? ಅಂಗಡಿಯಲ್ಲಿ ಕೆಲಸ ತಲೆಯ ಮೇಲಿದೆ, ಮಂಡಿ ನೋವು ಬೇರೆ. ನೀನು ಬರುವುದು ಮಗುವನ್ನು ನೋಡಲು. ಮಾತಿಗೆ ನಾನಿಲ್ಲವೆ? ಇಷ್ಟು ದಿನ ನಡೆಯಲಿಲ್ಲವೆ?

ಆಸ್ಪತ್ರೆಯ ವಿಷಯ ಈಗಲೇ ಬೇಡ, ಆಮೇಲೆ ನೋಡೋಣ. ಅತ್ತೆ ನಿನ್ನನ್ನು ಬಹಳ ವಿಚಾರಿಸಿದರು. ನಿನ್ನ ದನಿ ಕೇಳಿದರೆ ಅವರಿಗೆ ಸಂತೋಷವಂತೆ.

ವಾಂತಿ ಕಡಿಮೆಯಾಗಿದೆ. ಲ್ಯಾಬಿನಲ್ಲಿ ಅಚ್ಚಿನ ಪುಡಿಯ ವಾಸನೆ ಮಾತ್ರ ಆಗುವುದಿಲ್ಲ.

ಕಡ್ಡಿ

*

ಏಪ್ರಿಲ್ 9

ಕಡ್ಡೀ,

ನನ್ನ ದನಿ ಕೇಳಿದರೆ ಸಂತೋಷವಾಗುವವರು ಈ ಭೂಮಿಯ ಮೇಲೆ ಒಬ್ಬರಾದರೂ ಇದ್ದಾರಲ್ಲ. ನಿಮ್ಮಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ. ಅಂಥ ಬೀಗಿತ್ತಿಯ ಜೊತೆ ನಾಲ್ಕು ಮಾತು ನಾನೇ ಆಡೋಣವೆಂದರೆ ನೀನೇಕೆ ಅಡ್ಡ ಬಾಯಿ ಹಾಕುತ್ತೀಯೋ ತಿಳಿಯದು.

ಸಂಸ್ಥೆಗೆ ಮತ್ತೆ ಹೋಗಿದ್ದೆ. ಎರಡನೆಯವರು ಸೇರಿ, ಕಾದು ಸಾಕಾಗಿ, ಜರ್ಮನ್ ಬ್ಯಾಚಿಗೆ ಹಾರಿದ್ದಾರೆ. ನಾನು ಮತ್ತೆ ಒಂದು.

ಪಕ್ಕದ ಕನ್ನಡಕದ ಅಂಗಡಿಯವಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಸುಲಭವಂತೆ, ಆಟದ ಹಾಗೆ ಕಲಿಯಬಹುದಂತೆ. ಆದರೆ ಅದು ಸ್ಪ್ಯಾನಿಷ್ ಕಲಿಸುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕಲಿಸುವಂಥದ್ದು ಹುಡುಕಿದೆ ಹುಡುಕಿದೆ, ಎಲ್ಲೂ ಇಲ್ಲ. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಫೋಮು, ಝಿಪ್ಪು, ಅಡ್ವಾನ್ಸು. ಒಂದು ಹೊಳೆ ದಾಟಲು ಇನ್ನೊಂದು ಹೊಳೆಯಲ್ಲಿ ಈಜು ಕಲಿಯಬೇಕಾಗಿದೆ. ಹಾಗೂ ಹೀಗೂ ಒಂದು ತಿಂಗಳು ಅದರೊಂದಿಗೆ ಗುದ್ದಾಡಿ ನಾನು ಕಲಿತದ್ದು ಇಷ್ಟು: ಆಮೆ ಹಾಲು ಕುಡಿಯುತ್ತದೆ. ನನ್ನ ಆಮೆಗೆ ಕೆಂಪು ಟೋಪಿ ಇದೆ. ಹೆರಿಗೆ ಕೋಣೆಗೆ ಆಮೆಯೇನಾದರೂ ಬಂದರೆ ನನ್ನನ್ನು ಕರೆ, ಸಿದ್ಧಳಾಗಿದ್ದೇನೆ. ಎರಡು ದಿನ ತೆರೆಯದಿದ್ದರೆ ಅದು ಅಳುವ ಮುಖದ ಚಿತ್ರ ಬೇರೆ ಕಳಿಸುತ್ತದೆ. ಅಳಬೇಕಾದವಳು ನಾನು.

ಆಮೇಲೆ ಆನ್‌ಲೈನಿನಲ್ಲಿ ಒಬ್ಬಳು ಟೀಚರನ್ನು ಹಿಡಿದೆ. ಅರ್ಧ ಪಾಠ "ಕೇಳಿಸ್ತಿದೆಯಾ, ಕೇಳಿಸ್ತಿಲ್ವಾ" ಎನ್ನುವುದರಲ್ಲೇ ಹೋಗುತ್ತದೆ. ಉಳಿದರ್ಧದಲ್ಲಿ ನನ್ನ ಹವ್ಯಾಸಗಳೇನು ಎಂದು ಹೇಳಬೇಕಂತೆ. ಬೆಟ್ಟ ಹತ್ತುವುದು, ಚಿತ್ರ ಬಿಡಿಸುವುದು, ಯಾವುದಾದರೂ ಒಂದು ಆರಿಸಿಕೊಳ್ಳಿ ಎಂದಳು. ಬೆಳಗಿನಿಂದ ಸಂಜೆಯವರೆಗೆ ಹರಿದ ಸೋಫಾ ಬಿಚ್ಚಿ ಕಟ್ಟುವವಳಿಗೆ ಎಂಥ ಹವ್ಯಾಸ? "ನೋವು ಬಂದಾಗ ಏನು ಹೇಳ್ತಾರೆ, ಅದನ್ನ ಹೇಳಿಕೊಡಮ್ಮಾ" ಎಂದರೆ ಅದು ಹದಿನಾಲ್ಕನೇ ಪಾಠದಲ್ಲಿ ಬರುತ್ತದಂತೆ. ಮೂರನೇ ಪಾಠಕ್ಕೆ ಅವಳೇ ಬರಲಿಲ್ಲ.

ಫೋನಿನಲ್ಲೇ ಇನ್ನೊಂದು ಜಾಗ ಇದೆ, ಅಲ್ಲಿ ಸ್ಪ್ಯಾನಿಷಿನವರು ನಮ್ಮ ಭಾಷೆ ಕಲಿಯುತ್ತಾರೆ, ನಾವು ಅವರದು, ದುಡ್ಡು ಕಾಸಿಲ್ಲ. ಮೊದಲ ದಿನವೇ ಒಬ್ಬ ಗಂಡಸು ಬಂದ. ನನ್ನ ಭಾಷೆ ಅವನಿಗೆ ಬೇಕಿರಲಿಲ್ಲ, ಫೋಟೊ ಬೇಕಿತ್ತು. ಕಳಿಸಿದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೈಯಲ್ಲಿ ಸುತ್ತಿಗೆ ಹಿಡಿದಿದ್ದು. ಅವನ ಸುದ್ದಿಯೇ ಇಲ್ಲ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಒಂದು ತಿಂಗಳು. ನೀನು ಎರಡೂ ಭಾಷೆ ಬಲ್ಲವಳು, ಒಂದು ಸಾಲು ಹೇಳಿಕೊಟ್ಟಿದ್ದರೆ ನಾನು ಈ ಆಮೆಯ ಹಿಂದೆ ಹೋಗುತ್ತಿದ್ದೆನೆ? ಕೇಳಿದಾಗೆಲ್ಲ "ಆಮೇಲೆ ಅಮ್ಮಾ". ಹೊಟ್ಟೆಯೊಳಗಿನದು ನಿನ್ನ ಆಮೇಲೆಗೆ ಕಾಯುತ್ತದೆಯೆ?

ತೊಟ್ಟಿಲಿನ ಅಳತೆ ಕಳಿಸು. ಹಾಸಿಗೆ ನಾನೇ ಕಟ್ಟಿ ಕಳಿಸುತ್ತೇನೆ.

ಅಮ್ಮ

*

ಮೇ 6

ಕಡ್ಡೀ,

ನೀನು ಕಾಗದ ಬರೆಯದೆ ಅಳತೆ ಮಾತ್ರ ಕಳಿಸಿದೆ. ಇರಲಿ. ಹಾಸಿಗೆ ಆಯಿತು, ಪಾರ್ಸೆಲ್ ಹೊರಟಿದೆ. ಒಳಗಿನ ಫೋಮು ಹೊಸದು, ಬಟ್ಟೆ ಹತ್ತಿಯದು, ಅಂಚಿನ ಹೊಲಿಗೆ ಪೂರ್ತಿ ಕೈಯದು. ಎಷ್ಟು ವರ್ಷದ ಮೇಲೆ ಒಂದು ಕೆಲಸ ಮನಸ್ಸಿಟ್ಟು ಮಾಡಿದ್ದೇನೆ.

ಕೊನೆಗೂ ಸ್ಪ್ಯಾನಿಷ್ ಬಲ್ಲ ಒಬ್ಬ ಮನುಷ್ಯ ಈ ಊರಿನಲ್ಲಿ ಸಿಕ್ಕಿದ. ಸಿಕ್ಕಿದನೆಂದು ಹಿಗ್ಗುವ ಹಾಗಿಲ್ಲ, ಪೂರ್ತಿ ಕೇಳು.

ಜಿಮ್ ಒಂದರ ಬೆಂಚುಗಳಿಗೆ ಹೊಸ ರೆಕ್ಸಿನ್ ಹಾಕುವ ಕೆಲಸ ಬಂತು. ಬೆವರು ಕುಡಿದು ಕುಡಿದು ಆ ಬೆಂಚುಗಳು ಹಳಸಿದ್ದವು. ಅವುಗಳನ್ನು ಹೊರಗೆ ಸಾಗಿಸಲಾಗದು ಎಂದು ಅಲ್ಲೇ ಮೂಲೆಯಲ್ಲಿ ಕೂತು ಮಾಡುತ್ತಿದ್ದೇನೆ. ಅಲ್ಲಿ ಭಾರ ಎತ್ತುವುದು ಕಲಿಸುವ ಒಬ್ಬ ವಯಸ್ಸಾದವನಿದ್ದಾನೆ, ಎಲ್ಲರೂ ಪೈಲ್ವಾನ್ ಮೇಷ್ಟ್ರು ಎನ್ನುತ್ತಾರೆ. ಹುಡುಗರು ಭಾರ ಎತ್ತುವಾಗ ಆತ ಏನೋ ಕೂಗುತ್ತಿದ್ದ. ಕಿವಿ ಕೊಟ್ಟೆ. ಆಮೆಯ ಭಾಷೆ. ಬಾಯಲ್ಲಿದ್ದ ಮೊಳೆ ಅಂಗೈಗೆ ಉಗಿದು ಎದ್ದು ಹೋದೆ.

ಪ್ರಾಯದಲ್ಲಿ ಈತನಿಗೆ ಕಲಿಸಿದ ಗುರು ಎಲ್ಲಿಂದಲೋ ಬಂದವನು, ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದವನು. ಅದೇ ಈತನಿಗೂ ಅಂಟಿದೆ. ನನಗೆ ಕಲಿಸಿ ಎಂದೆ. "ಅದಕ್ಕೇನಮ್ಮ, ದಿನಾ ಬರ್ತೀರಲ್ಲ, ಕಲ್ಸೋಣ" ಎಂದ. ನನಗೆ ಆದ ಖುಷಿ ಕೇಳಬೇಡ.

ಆಮೇಲೆ ಗೊತ್ತಾಯಿತು ಈ ಪುಣ್ಯಾತ್ಮನಿಗೆ ಬರುವುದು ಕೂಗಾಟದ ಸ್ಪ್ಯಾನಿಷ್ ಮಾತ್ರ. ತಳ್ಳು, ಎಂಪೂಹಾ. ಉಸಿರು ಬಿಡು, ರೆಸ್ಪೀರಾ. ನಿಧಾನ, ದೆಸ್ಪಾಸಿಯೊ. ಇನ್ನೂ ಬೇಡ, ತೊದಾವಿಯಾ ನೊ. ಇನ್ನೊಂದು ಸಲ, ಓತ್ರಾ ವೆಸ್. ತಲೆಗೆ ಕಬೇಸಾ, ದೊಡ್ಡದಕ್ಕೆ ಗ್ರಾಂದೆ. ಚೆನ್ನಾಗಿ ಎತ್ತಿದರೆ ಬೊನೀತೊ, ಚೆಂದ ಅಂತ. ಅಷ್ಟಕ್ಕೆ ಅವನ ಖಜಾನೆ ಖಾಲಿ. "ಬೀಗಿತ್ತಿಯವರೇ, ಹೇಗಿದ್ದೀರಿ ಅನ್ನೋದಕ್ಕೆ ಏನಂತಾರೆ?" ಎಂದು ಕೇಳಿದರೆ ತಲೆ ಕೆರೆದುಕೊಂಡು, "ನಮ್ಮ ಗುರುಗಳು ಯಾವತ್ತೂ ಹಾಗೆಲ್ಲ ಕೇಳಿದವರಲ್ಲ ಕಣಮ್ಮ" ಎಂದ.

ಹೀಗೆ ನನ್ನ ವಿದ್ಯಾಭ್ಯಾಸ. ನಾನು ರೆಕ್ಸಿನ್ ಎಳೆದು ಮೊಳೆ ಹೊಡೆಯುವಾಗ ಆತ ಪಕ್ಕದಲ್ಲಿ ನಿಂತು ಎಂಪೂಹಾ ಎಂದು ಅರಚುತ್ತಾನೆ. ನಾನು ತಿರುಗಿ ತೊದಾವಿಯಾ ನೊ ಎನ್ನುತ್ತೇನೆ. ಜಿಮ್ಮಿನವರಿಗೆ ಬಿಟ್ಟಿ ಮನರಂಜನೆ. ಬೀಗಿತ್ತಿಯ ಎದುರು ನಿಂತು ಇದರಲ್ಲಿ ಯಾವುದನ್ನು ಹೇಳಲಿ, ನೀನೇ ಹೇಳು. ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ನಾಲ್ಕು ಸಾಲಾದರೂ ಬರೆ.

ಅಮ್ಮ

*

ಮೇ 15

ಅಮ್ಮಾ,

ಪೈಲ್ವಾನ್ ಮೇಷ್ಟ್ರ ವಿಷಯ ಓದಿ ನಕ್ಕೆ. ಆದರೆ ನಿಜವಾಗಿ ಹೇಳುತ್ತೇನೆ, ಜನ ಹಾಗೆ ಮಾತಾಡುವುದಿಲ್ಲ. ಅದು ಯಾವ ಉಪಯೋಗಕ್ಕೂ ಬಾರದು. ಸುಮ್ಮನೆ ದಣಿಯಬೇಡ.

ಇನ್ನೊಂದು ವಿಷಯ, ಬೇಸರ ಮಾಡಿಕೊಳ್ಳಬೇಡ. ಆಸ್ಪತ್ರೆಯಲ್ಲಿ ಜೊತೆಗೆ ಬರುವವರ ಹೆಸರು ಕೇಳಿದರು. ಸದ್ಯಕ್ಕೆ ಅತ್ತೆಯ ಹೆಸರು ಕೊಟ್ಟಿದ್ದೇನೆ. ಅವರು ಇಲ್ಲೇ ಇರುವವರು, ಅದಕ್ಕೆ.

ಕಡ್ಡಿ

*

ಮೇ 16

ಸದ್ಯಕ್ಕೆ ಎನ್ನುವ ಮಾತನ್ನು ನೀನು ಯಾರಿಂದ ಕಲಿತೆ? ಗಿರಾಕಿಗಳು ಹೀಗೇ ಹೇಳುತ್ತಾರೆ, ಸದ್ಯಕ್ಕೆ ಅರ್ಧ ದುಡ್ಡು ಇಟ್ಟುಕೊಳ್ಳಿ ಎಂದು. ಉಳಿದರ್ಧ ಯಾವತ್ತೂ ಬರುವುದಿಲ್ಲ.

ಬೇಸರ ಮಾಡಿಕೊಂಡಿದ್ದೇನೆ.

ಅಮ್ಮ

*

ಜೂನ್ 22

ಕಡ್ಡೀ,

ಒಂದು ತಿಂಗಳು ಬಾಯಿ ಬಿಗಿದುಕೊಂಡಿದ್ದೆ. ಭಾನುವಾರಗಳಲ್ಲಿ ಹೂಂ, ಊಹೂಂ ಎಂದು ಮುಗಿಸಿದೆ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ಫೋನಿನಲ್ಲಿ ನಿಮ್ಮತ್ತೆ ತೊಟ್ಟಿಲು ತೋರಿಸಿದರು. ತಾವೇ ಬಣ್ಣ ಬಳಿದಿದ್ದಾರೆ. ಕಿತ್ತಳೆ. ರಸ್ತೆ ಅಗೆಯುವವರು ಅಡ್ಡ ಇಡುತ್ತಾರಲ್ಲ, ಆ ಕಿತ್ತಳೆ. ನಾನು ಏನೆಂದೆ? "ಇದೇನಿದು, ಮಗು ಮಲಗೋಕೋ ಬೆದರೋಕೋ? ಬಣ್ಣದ ವಾಸನೆ ಹೋಗಿದೆಯಾ ಕೇಳು" ಎಂದೆ. ನೀನು ಆಕೆಯ ಕಡೆ ತಿರುಗಿ ಏನೋ ಹೇಳಿದೆ. ಅದರಲ್ಲಿ ಬೊನೀತೊ ಎಂಬ ಮಾತು ಬಂತು. ನನಗೆ ಗೊತ್ತಿರುವುದು ಹತ್ತಿಪ್ಪತ್ತು ಮಾತು, ಅದರಲ್ಲಿ ಅದೂ ಒಂದು. ಆಕೆ ಎದೆ ಮುಟ್ಟಿಕೊಂಡು ಗ್ರಾಸಿಯಾಸ್ ಎಂದರು. ಧನ್ಯವಾದ. ನಾನು ಬೈದದ್ದಕ್ಕೆ ಧನ್ಯವಾದ.

ಅಷ್ಟಕ್ಕೇ ಮುಗಿಯಲಿಲ್ಲ. ಆಕೆ ನನ್ನ ಹಾಸಿಗೆಯನ್ನು ತೊಟ್ಟಿಲಿನೊಳಗೆ ಒತ್ತಿ ತೋರಿಸುತ್ತಾ, ಮುಖ ಗಂಟು ಹಾಕಿ, ಎರಡು ಕೈ ಅಗಲಿಸಿ ಗ್ರಾಂದೆ, ಗ್ರಾಂದೆ ಎಂದರು. ಜಿಮ್ಮಿನಲ್ಲಿ ದೊಡ್ಡ ಚಕ್ರ ತರಲು ಮೇಷ್ಟ್ರು ಕೂಗುವುದೂ ಅದೇ. ಹಾಸಿಗೆ ದೊಡ್ಡದಾಗಿದೆ, ತೊಟ್ಟಿಲಿಗೆ ಕೂರುತ್ತಿಲ್ಲ. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು, ಒಂದು ಅಂಚು ಮೇಲೆದ್ದು ನಿಂತಿತ್ತು. ನೀನು ನನಗೆ ಏನು ಹೇಳಿದೆ? "ಅಮ್ಮಾ, ಇದು ದೊಡ್ಡ ಉಡುಗೊರೆ ಅಂತಿದಾರೆ."

ಆಮೇಲೆ ನನಗೆ ಊಟ ಸೇರಲಿಲ್ಲ. ಮೂರು ವರ್ಷ ನೀನು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದೆ. ನನ್ನ ದನಿ ಕೇಳಿದರೆ ಸಂತೋಷ. ನನ್ನ ಕೈಗುಣ ದೊಡ್ಡದು. ನನ್ನ ಹಾಗೆ ಗಟ್ಟಿ ಹೆಂಗಸು ಅವರು ನೋಡಿಲ್ಲ. ಇದರಲ್ಲಿ ಆಕೆ ಹೇಳಿದ್ದೆಷ್ಟು, ನೀನು ಹುಟ್ಟಿಸಿದ್ದೆಷ್ಟು? ನಾನು ಯಾರ ಜೊತೆ ಬೀಗತನ ಮಾಡಿದ್ದು, ಆಕೆಯ ಜೊತೆಯೋ ನಿನ್ನ ಕಟ್ಟುಕತೆಯ ಜೊತೆಯೋ? ನಾನು ಭಾಷೆ ಕಲಿಯುತ್ತೇನೆ ಎಂದಾಗ ನೀನೇಕೆ ಅಷ್ಟು ಬೆದರಿದೆ ಎಂದು ಈಗ ಗೊತ್ತಾಯಿತು. ಕಲಿತರೆ ನಿನ್ನ ಬಣ್ಣ ಬಯಲಾಗುತ್ತದಲ್ಲ.

ಹಾಸಿಗೆ ದೊಡ್ಡದಾಗಿದೆ ಎಂದು ಹೇಳಿದ್ದರೆ ನಾನೇನು ಸಾಯುತ್ತಿದ್ದೆನೆ?

ಅಮ್ಮ

*

ಜುಲೈ 10

ಅಮ್ಮಾ,

ಹೌದು. ಹುಟ್ಟಿಸಿದ್ದೇನೆ. ಎಷ್ಟು ಎಂದು ನನಗೂ ನೆನಪಿಲ್ಲ.

ನೀನು ಮೊದಲನೇ ಭಾನುವಾರವೇ, "ವಾರದಲ್ಲಿ ನಾಲ್ಕು ದಿನ ಗಂಡನ ಮುಖ ಕಾಣಲ್ಲ, ಇದೆಂಥ ಸಂಸಾರ ಕೇಳು ನಿಮ್ಮತ್ತೆನ" ಎಂದೆ. ಅವರು ಪಕ್ಕದಲ್ಲೇ ಕೂತು ನನ್ನ ಬಾಯಿ ನೋಡುತ್ತಿದ್ದರು. ಅಮ್ಮ ನಿಮ್ಮ ಆರೋಗ್ಯ ಕೇಳಿದಳು ಎಂದೆ. ಅವರು, "ನಿಮ್ಮಮ್ಮ ಯಾಕೆ ಯಾವಾಗ್ಲೂ ಬೈಯೋ ಹಾಗೆ ಮಾತಾಡ್ತಾರೆ?" ಎಂದು ಕೇಳಿದರು. ನಮ್ಮ ಭಾಷೆಯ ಧಾಟಿಯೇ ಹಾಗೆ ಎಂದೆ. ನಿನ್ನ ನಾಲಿಗೆಯ ಮರ್ಯಾದೆ ಉಳಿಸಲು ಇಡೀ ಭಾಷೆಯ ಮರ್ಯಾದೆ ತೆಗೆದೆ. ಅವರೂ ಕಮ್ಮಿಯಿಲ್ಲ. ನೀನು ಕಳಿಸಿದ ಪರದೆಯನ್ನು ನೆಲ ಒರೆಸಲು ಇಟ್ಟುಕೊಳ್ಳಲೇ ಎಂದರು. ನಿನಗೆ ಏನು ಹೇಳಿದೆ? ದಿನಾ ಉಪಯೋಗಿಸುತ್ತಾರೆ ಎಂದೆ.

ನೀವಿಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ನಾಲಿಗೆ ಮುಂದು, ಅಷ್ಟೇ. ಆದರೆ ಅಡಕತ್ತರಿಯ ನಡುವೆ ಸಿಕ್ಕಿದವಳು ನಾನು. ಪ್ರತಿ ಭಾನುವಾರ ಇಬ್ಬರ ಮಾತೂ ನನ್ನ ಬಾಯಲ್ಲೇ ಹೋಗಬೇಕು. ನನ್ನ ಮಾತು ಯಾವಾಗ ಆಡಲಿ? ಸುಸ್ತಾಗಿದೆ, ಹೆದರಿಕೆಯಾಗುತ್ತದೆ, ಇದನ್ನು ಯಾವ ಭಾಷೆಯಲ್ಲಿ ಯಾರಿಗೆ ಹೇಳಲಿ? ನಿನಗೆ ಹೇಳಿದರೆ ಅವರು ಏನಂತೆ ಎನ್ನುತ್ತಾರೆ. ಅವರಿಗೆ ಹೇಳಿದರೆ ನೀನು ಏನಂತೆ ಎನ್ನುತ್ತೀಯ.

ಅತ್ತೆಯ ಹೆಸರು ಕೊಟ್ಟೆನೆಂದು ನಿನಗೆ ಉರಿಯಿತು. ಯಾಕೆ ಕೊಟ್ಟೆ ಗೊತ್ತೆ? ನೀನು ಒಳಗಿದ್ದರೆ ನರ್ಸು ಹೇಳಿದ್ದನ್ನೆಲ್ಲ ನಿನಗೆ ನಾನು ಹೇಳಬೇಕು, ನೀನು ಬೈದದ್ದನ್ನೆಲ್ಲ ಅವಳಿಗೆ ನಾನು ತಿದ್ದಿ ಹೇಳಬೇಕು. ಹೆರುವಾಗಲೂ ನಾನು ಇದೇ ಕೆಲಸ ಮಾಡಲೇ ಅಮ್ಮಾ? ಆ ಒಂದು ದಿನವಾದರೂ ನನ್ನ ಬಾಯಿ ನನಗಿರಲಿ.

ಕಡ್ಡಿ

*

ಜುಲೈ 27

ಕಡ್ಡೀ,

ನಿನ್ನ ಕಾಗದ ಬಂದ ದಿನ ಎರಡು ಸಲ ಉತ್ತರ ಬರೆದು ಎರಡನ್ನೂ ಅಳಿಸಿದೆ. ಒಂದರಲ್ಲಿ ಬರೀ ಬೈಗುಳ, ಇನ್ನೊಂದರಲ್ಲಿ ಬರೀ ಅಳು. ಎರಡೂ ನಿನಗೆ ಬೇಡ.

ಸುಸ್ತಾಗಿದೆ ಎಂದೆಯಲ್ಲ. ಕಾಲು ಊದಿದೆಯೆ? ರಾತ್ರಿ ಎಡಕ್ಕೆ ತಿರುಗಿ ಮಲಗು.

ಟಿಕೆಟ್ ಆಗಸ್ಟ್ ಕೊನೆಗೆ ಇದೆ, ರದ್ದು ಮಾಡಿಲ್ಲ. ಆದರೆ ಕೋಣೆಯೊಳಗೆ ನಾನು ಬರುವುದಿಲ್ಲ. ಹೊರಗೆ ಬೆಂಚಿರುತ್ತದಲ್ಲ, ಅಲ್ಲಿ ಕೂರುತ್ತೇನೆ. ಅದರ ಕುಶನ್ ಹೇಗಿದೆ ಎಂದಾದರೂ ನೋಡಬಹುದು. ಕಲಿಯುವುದನ್ನು ಬಿಟ್ಟೆ. ಆಮೆಯನ್ನು ಅಳಿಸಿ ಹಾಕಿದೆ, ಸಂಸ್ಥೆಯ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದೆ. ಹುಡುಗಿ ಪಾಪ, "ಅಯ್ಯೋ ಆಂಟಿ, ಈಗ ನಾಲ್ಕು ಜನ ಆಗಿದ್ರು" ಎಂದಳು. ಜಿಮ್ಮಿಗೆ ಮಾತ್ರ ಹೋಗಲೇಬೇಕು, ಬೆಂಚುಗಳು ಬಾಕಿ ಇವೆ. ಪೈಲ್ವಾನ್ ಮೇಷ್ಟ್ರ ಬಾಯಿ ಮುಚ್ಚಿಸಲು ಯಾರಿಂದಲೂ ಆಗದು.

ಅಮ್ಮ

*

ಆಗಸ್ಟ್ 19

ಅಮ್ಮಾ,

ಮಗಳು ನನ್ನ ಪಕ್ಕದಲ್ಲಿ ಮಲಗಿದ್ದಾಳೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಭಾನುವಾರ ಫೋನಿನಲ್ಲಿ ನೀನೂ ಅತ್ತೆಯೂ ಅತ್ತದ್ದೇ ಆಯಿತು, ನನಗೆ ಹೇಳಲು ಬಿಡಲಿಲ್ಲ.

ಮೂರು ವಾರ ಮುಂಚೆ ನೋವು ಬರುತ್ತದೆಂದು ಯಾರಿಗೆ ಗೊತ್ತಿತ್ತು. ಇವರು ಲಾರಿಯಲ್ಲಿ ಎಲ್ಲೋ ದೂರದಲ್ಲಿ. ಅತ್ತೆಯೇ ಕರೆದುಕೊಂಡು ಹೋದರು. ನಾನು ಧೈರ್ಯವಾಗಿದ್ದೆ. ಈ ಭಾಷೆಯಲ್ಲಿ ದಿನವಿಡೀ ಕೆಲಸ ಮಾಡುತ್ತೇನೆ, ಜಗಳ ಆಡುತ್ತೇನೆ, ಕನಸೂ ಕಾಣುತ್ತೇನೆ, ಹೆದರಿಕೆಯೇನು ಎಂದುಕೊಂಡಿದ್ದೆ. ಆದರೆ ನೋವು ಜೋರಾದ ಹಾಗೆ ಏನಾಯಿತೋ ಅಮ್ಮಾ, ಆ ಭಾಷೆ ನನ್ನನ್ನು ಬಿಟ್ಟು ಹೋಯಿತು. ನರ್ಸು ಬಾಯಿ ಆಡಿಸುವುದು ಕಾಣುತ್ತಿತ್ತು, ಒಂದು ಮಾತೂ ತಲೆಗೆ ಹೋಗುತ್ತಿರಲಿಲ್ಲ. ನಾನು ಕನ್ನಡದಲ್ಲಿ ಆಗಲ್ಲ, ಆಗಲ್ಲ, ನನ್ನನ್ನ ಬಿಟ್ಬಿಡಿ ಎಂದು ಕೂಗುತ್ತಿದ್ದೆ. ಅವರಿಗೆ ನಾನು ಹೇಳಿದ್ದು ತಿಳಿಯದು, ನನಗೆ ಅವರು ಹೇಳಿದ್ದು ತಿಳಿಯದು. ಮುಕ್ಕಬೇಡ ಎಂದಾಗ ಮುಕ್ಕುತ್ತಿದ್ದೆನಂತೆ. ಮಗುವಿನ ಎದೆಬಡಿತ ಇಳಿಯುತ್ತಿತ್ತಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು.

ಅತ್ತೆಗೆ ಅರ್ಥವಾದದ್ದು ಒಂದೇ, ನಾನು ಅಮ್ಮಾ ಎಂದು ಕೂಗುತ್ತಿದ್ದೇನೆ ಎಂದು. ಅವರು ಜೇಬಿನಿಂದ ಫೋನು ತೆಗೆದರು. ಒಳಗೆ ಫೋನು ಕೂಡದು ಎಂದು ನರ್ಸು ತಡೆದಳು. ಅತ್ತೆ ಅವಳ ಮೇಲೆ ಹರಿಹಾಯ್ದರು. ಏನು ಬೈದರೋ, ಅದನ್ನು ನಾನು ಯಾರಿಗೂ ತಿದ್ದಿ ಹೇಳಬೇಕಾಗಿರಲಿಲ್ಲ. ನಿನಗೆ ಫೋನು ಹಚ್ಚಿ ನನ್ನ ದಿಂಬಿನ ಮೇಲಿಟ್ಟರು.

ಮೊದಲು ಏನೋ ಟಣ್ ಟಣ್ ಎಂದು ಬಿದ್ದ ಸದ್ದು. ಆಮೇಲೆ ನೀನು. "ಕಡ್ಡೀ, ಇಲ್ಲಿದೀನಿ. ಅವಳು ಇನ್ನೂ ಬೇಡ ಅಂತಿದಾಳೆ. ಮುಕ್ಕಬೇಡ. ಉಸಿರು ಬಿಡು. ನಿಧಾನ, ನಿಧಾನ ಕಂದ." ನರ್ಸು ಏನೋ ಕೂಗಿದಳು, ನೀನು "ಈಗ ಮುಕ್ಕು" ಎಂದೆ. ಅವಳು ಕೂಗಿದಳು, ನೀನು "ಇನ್ನೊಂದು ಸಲ" ಎಂದೆ. ಯಾವುದಕ್ಕೂ ಬಾರದು ಎಂದು ನಾನು ಬರೆದಿದ್ದೆನಲ್ಲ, ಅದೇ ಮಾತುಗಳು. ಒಂದೊಂದೂ ಕನ್ನಡವಾಗಿ ನನ್ನ ಕಿವಿಗೆ ಬಿತ್ತು. ನಾನು ನೀನು ಹೇಳಿದ್ದನ್ನು ಮಾಡಿದೆ, ಅಷ್ಟೇ. ನನ್ನ ಬಾಯಿ ನನಗಿತ್ತು, ಬೇಕಾದಷ್ಟು ಕಿರುಚಿಕೊಂಡೆ.

ಕೊನೆಯಲ್ಲಿ ಇನ್ನು ಸತ್ತರೂ ಆಗದು ಎಂದಾಗ ನರ್ಸು ಬಗ್ಗಿ ಉದ್ದಕ್ಕೆ ಏನೋ ಹೇಳಿದಳು. ನೀನು ಹೇಳಿದೆ, "ಕಡ್ಡೀ, ಅವಳು ಹೇಳ್ತಿದಾಳೆ, ಇಷ್ಟು ಗಟ್ಟಿಗಿತ್ತೀನ ನಾನು ಈ ಕೋಣೇಲಿ ನೋಡೇ ಇಲ್ಲ ಅಂತ. ಮಗು ತಲೆ ಕಾಣ್ತಿದೆಯಂತೆ. ತಲೆ ತುಂಬ ಕೂದ್ಲಂತೆ, ಕಪ್ಪಗೆ, ಥೇಟ್ ನಿನ್ನ ಹಾಗೇ ಅಂತೆ. ಇನ್ನೊಂದೇ ಒಂದು ಸಲವಂತೆ." ಆ ಕೂದಲನ್ನು ನೋಡಬೇಕು ಎಂದು ನನಗೆ ಎಲ್ಲಿಂದಲೋ ಶಕ್ತಿ ಬಂತು.

ಅಮ್ಮಾ, ನಿನ್ನ ಮೊಮ್ಮಗಳ ತಲೆ ಬೋಳು. ಒಂದು ಕೂದಲೂ ಇಲ್ಲ. ಅಂಗೈ ಹಾಗೆ ನುಣ್ಣಗಿದೆ.

ನಿಜ ಹೇಳು. ನರ್ಸು ಏನೆಂದಳು?

ಕಡ್ಡಿ

*

ಆಗಸ್ಟ್ 20

ಕಡ್ಡೀ,

ನರ್ಸು ಏನೆಂದಳೋ ನನಗೆ ಗೊತ್ತಿಲ್ಲ.

ಫೋನು ಬಂದಾಗ ಅಂಗಡಿಯಲ್ಲಿ ಒಂದು ಕುರ್ಚಿ ತಲೆಕೆಳಗಾಗಿಟ್ಟುಕೊಂಡು ಮೊಳೆ ಹೊಡೆಯುತ್ತಿದ್ದೆ. ನಿನ್ನ ಕೂಗು ಕೇಳಿ ಬಾಯಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಉಗಿದೆ, ನಿನಗೆ ಕೇಳಿಸಿದ ಟಣ್ ಟಣ್ ಅದೇ. ಮೊದಲಿನ ಮಾತುಗಳೆಲ್ಲ ಸಾಚಾ. ಅವು ಪೈಲ್ವಾನ್ ಮೇಷ್ಟ್ರ ಬಾಯಿಂದ ಸಾವಿರ ಸಲ ಕೇಳಿದ್ದವು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಕೊನೆಯಲ್ಲಿ ಅವಳು ಉದ್ದಕ್ಕೆ ಹೇಳಿದಳಲ್ಲ, ಅದರಲ್ಲಿ ನನಗೆ ಸಿಕ್ಕಿದ್ದು ಕಬೇಸಾ ಒಂದೇ. ತಲೆ. ಒಳ್ಳೆಯದು ಹೇಳಿದಳೋ ಕೆಟ್ಟದ್ದು ಹೇಳಿದಳೋ, ದನಿಯಲ್ಲಿ ಸಿಟ್ಟಂತೂ ಇತ್ತು. ನೀನು ಅತ್ತ ಸುಮ್ಮನಾಗಿಬಿಟ್ಟಿದ್ದೆ. ಒಂದು ಮಾತು ಹಿಡಿದುಕೊಂಡು ನಾನು ಮಿಕ್ಕಿದ್ದನ್ನು ಕಟ್ಟಿದೆ. ಗಟ್ಟಿಗಿತ್ತಿ ನಾನು ಹಾಕಿದ್ದು. ಕೂದಲೂ ನಾನು ಹಾಕಿದ್ದು. ನೀನು ಹುಟ್ಟಿದಾಗ ನಿನಗಿತ್ತಲ್ಲ, ಅದನ್ನೇ ತೆಗೆದು ಅವಳಿಗೆ ಹಾಕಿದೆ.

ಫೋನಿಟ್ಟ ಮೇಲೆ ನೆಲದ ಮೇಲೆ ಕೂತು ಮೊಳೆ ಆರಿಸುತ್ತಾ ಒಬ್ಬಳೇ ಅತ್ತುಬಿಟ್ಟೆ. ಮೂರು ವರ್ಷ ನೀನು ಏನು ಮಾಡಿದೆ ಎಂದು ನನಗೆ ಆಗ ತಿಳಿಯಿತು. ಅತ್ತಲಿನದು ಅಷ್ಟೇ ಇರುತ್ತದೆ, ಇತ್ತಲಿನವರಿಗೆ ಇಷ್ಟು ಬೇಕಿರುತ್ತದೆ, ನಡುವೆ ಕೂತವಳು ಏನು ಮಾಡಿಯಾಳು? ನಿನ್ನನ್ನು ಬೈದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಎಲ್ಲವನ್ನೂ ಅಲ್ಲ, ಪರದೆಯಲ್ಲಿ ನೆಲ ಒರೆಸಿದ್ದನ್ನು ನಾನು ಮರೆಯುವವಳಲ್ಲ.

ಹತ್ತು ದಿನದಲ್ಲಿ ಅಲ್ಲಿರುತ್ತೇನೆ. ಇನ್ನು ಭಾನುವಾರದ ಮಾತಿನಲ್ಲಿ ನಿನಗೆ ರಜೆ. ಬೀಗಿತ್ತಿಯರು ನಾವೇ ಕೈಸನ್ನೆ ಬಾಯಿಸನ್ನೆ ಮಾಡಿಕೊಂಡು ಜಗಳ ಆಡುತ್ತೇವೆ. ಹೆಚ್ಚೆಂದರೆ ಎಂಪೂಹಾ ಎನ್ನುತ್ತೇನೆ, ಆಕೆ ಏನು ತಿಳಿದುಕೊಳ್ಳುತ್ತಾರೋ ತಿಳಿದುಕೊಳ್ಳಲಿ. ಸಂಸ್ಥೆಯ ಪಟ್ಟಿಗೆ ಮತ್ತೆ ಹೆಸರು ಕೊಟ್ಟು ಬಂದೆ, ಈಗ ಐದು ಜನ.

ಕೊನೆಯದಾಗಿ ಎರಡು ಮಾತು ನಿಮ್ಮತ್ತೆಗೆ ಹೇಳು. ಮೊದಲನೆಯದು, ಹಾಸಿಗೆ ದೊಡ್ಡದಾಗಿದ್ದು ನಿಜ, ನೀನು ತೊಟ್ಟಿಲಿನ ಹೊರಗಿನ ಅಳತೆ ಹಿಡಿದಿದ್ದೆ, ಸರಿಯಾಗಿ ಕತ್ತರಿಸಿದ ಹೊಸದನ್ನು ತರುತ್ತಿದ್ದೇನೆ, ಮತ್ತೆ ಆ ದಿನ ಫೋನು ಹಚ್ಚಿದ ಅವರ ಕೈಗೆ ನಾನು ನಮಸ್ಕಾರ ಮಾಡಿದೆನೆಂದು. ಇದನ್ನು ಒಂದಕ್ಷರ ಆಚೆ ಈಚೆ ಮಾಡದೆ ಹೇಳು.

ಎರಡನೆಯದು, ಆ ಕಿತ್ತಳೆ ಬಣ್ಣ ನನಗೆ ಇವತ್ತಿಗೂ ಹಿಡಿಸಿಲ್ಲ. ಇದನ್ನು ನಿನಗೆ ಹೇಗೆ ತೋಚುತ್ತದೋ ಹಾಗೆ ಹೇಳು.

ನಿನ್ನ ಅಮ್ಮ